ಫ್ರಾನ್ಸಿನ ಹಳ್ಳಿಮನೆ, ನಮ್ಮ ಹಿತ್ತಲು

ಹೋದ ಬೇಸಗೆಯಲ್ಲಿ ಹೊಸಪೇಟೆಯ ನಮ್ಮ ಅಣ್ಣನ ಮನೆಗೆ ಹೋಗಿದ್ದೆ. ಊರೊಳಗಿನ ಹಳೆಯ ಮಾಳಿಗೆ ಮನೆಯನ್ನು ಬಿಟ್ಟು, ಹಂಪೆಯ ದಾರಿಯಲ್ಲಿರುವ ಕಡ್ಡಿರಾಂಪುರದಲ್ಲಿ ಮೂರು ಕೋಣೆಯ ಹೊಸ ಮನೆಯೊಂದನ್ನು ಅವನು ಕಟ್ಟಿಸುತ್ತಿದ್ದ. ಒಂದು ಸಂಜೆ ಅವನ ಮಗಳು ಫೋನಿನಲ್ಲಿ ಚಿತ್ರವೊಂದನ್ನು ತೋರಿಸಿದಳು. ಫ್ರಾನ್ಸ್ ದೇಶದ ಯಾವುದೋ ಹಳ್ಳಿಯ ಮನೆ. ಸುಣ್ಣ ಬಳಿದ ಗೋಡೆ, ಸವೆದ ಕೆಂಪು ನೆಲ, ಮೊಳೆಗೆ ತೂಗುಹಾಕಿದ ತಾಮ್ರದ ಪಾತ್ರೆಗಳು, ಮೇಜಿನ ಮೇಲೆ ಆಗತಾನೆ ಕಿತ್ತ ತರಕಾರಿ, ಕಿಟಕಿಯಾಚೆ ಹೂವು.

“ಅತ್ತಿ, ಹೊಸ ಮನೀನ ಹಿಂಗ ಮಾಡಾಕ ಆಗತೈತೇನು?” ಎಂದು ಹುಡುಗಿ ಕೇಳಿದಳು.

ಅದೇ ಹೊತ್ತಿಗೆ ಬೀದಿಯಲ್ಲಿ ಹಳೆಯ ಪಾತ್ರೆ ಕೊಳ್ಳುವವನು ತಕ್ಕಡಿ ಹಿಡಿದು ನಿಂತಿದ್ದ. ನಮ್ಮ ತಾಯಿಯ ಕಾಲದ ಎರಡು ತಾಮ್ರದ ಹಂಡೆಗಳೂ ಒಂದು ಹಿತ್ತಾಳೆಯ ಕೊಳಗವೂ ಪಡಸಾಲೆಗೆ ಬಂದು, ತೂಕಕ್ಕೆ ಹೋಗಲು ಕಾದಿದ್ದವು. ಚಿತ್ರದೊಳಗಿನ ತಾಮ್ರವನ್ನು ನೋಡಿ ಕಣ್ಣರಳಿಸುತ್ತಿದ್ದ ಹುಡುಗಿಗೆ ಕಾಲಬಳಿಯ ತಾಮ್ರ ಕಾಣಲಿಲ್ಲ. ಅವಳ ತಪ್ಪೇನೂ ಅಲ್ಲ. ಕಣ್ಣಿಗೆ ತೀರ ಹತ್ತಿರ ಹಿಡಿದ ವಸ್ತು ಯಾರಿಗೂ ಕಾಣದು. ಆ ದಿನದಿಂದ ಈ ವಿಷಯ ನನ್ನ ತಲೆಯಲ್ಲಿ ಸುತ್ತುತ್ತಿದೆ. ಫ್ರಾನ್ಸಿನ ಹಳ್ಳಿಯ ಬಾಳು ನಮ್ಮನ್ನು ಏಕೆ ಸೆಳೆಯುತ್ತದೆ? ಅದನ್ನು ನಮ್ಮ ನಿತ್ಯದ ಬದುಕಿಗೆ ತರುವುದಾದರೆ ತರಬೇಕಾದುದು ಯಾವುದು, ಬಿಡಬೇಕಾದುದು ಯಾವುದು?

ಮೊದಲು ಆ ಚಿತ್ರವನ್ನೇ ಬಿಡಿಸಿ ನೋಡೋಣ. ಫ್ರಾನ್ಸಿನ ಹಳ್ಳಿಮನೆ ಎಂಬುದು ಒಂದೇ ಬಗೆಯದಲ್ಲ. ಉತ್ತರದ ನಾರ್ಮಂಡಿಯಲ್ಲಿ ಮರದ ಚೌಕಟ್ಟು ನಿಲ್ಲಿಸಿ, ನಡುವಿನ ಜಾಗಕ್ಕೆ ಹುಲ್ಲು ಬೆರೆಸಿ ಕಲಸಿದ ಮಣ್ಣನ್ನು ತುಂಬುತ್ತಿದ್ದರು. ಪಶ್ಚಿಮದ ಬ್ರಿಟನಿಯಲ್ಲಿ ಬಂಡೆಗಲ್ಲು ಹೇರಳ. ಅಲ್ಲಿನ ಮನೆಗಳು ಕಲ್ಲಿನವು. ದಕ್ಷಿಣದ ಪ್ರೊವಾನ್ಸಿನಲ್ಲಿ ಗೋಡೆಗೆ ಸುಣ್ಣದ ಗಾರೆ, ಅದಕ್ಕೆ ಆಯಾ ಊರಿನ ಬಣ್ಣದ ಮಣ್ಣು, ನೆಲಕ್ಕೆ ಸುಟ್ಟ ಮಣ್ಣಿನ ಆರು ಮೂಲೆಯ ಬಿಲ್ಲೆ. ಅಲ್ಲಿ ರೂಸಿಯೋಂ ಎಂಬ ಹಳ್ಳಿಯಿದೆ. ಇಡೀ ಊರು ಕೆಂಪು, ಕಾವಿ, ಹಳದಿಯ ಛಾಯೆಗಳಲ್ಲಿ ಹೊಳೆಯುತ್ತದೆ. ಆ ಬಣ್ಣ ಪಕ್ಕದ ಗುಡ್ಡದ ಮಣ್ಣಿನದು, ಆ ಮಣ್ಣಿನ ಬಣ್ಣ ಅದರಲ್ಲಿರುವ ಕಬ್ಬಿಣದ್ದು. ಯಾರೂ ದೂರದಿಂದ ಏನನ್ನೂ ಹೊತ್ತು ತರಲಿಲ್ಲ. ಕಾಲಡಿಯಲ್ಲಿ ಸಿಕ್ಕಿದ್ದನ್ನೇ ಗೋಡೆಗೆ ಏರಿಸಿದರು. ಅಂಗಡಿಯಲ್ಲಿ ಕೊಂಡು ತರಲಾಗದ ಒಪ್ಪ ಆ ಮನೆಗಳಿಗೆ ಬಂದದ್ದು ಇದರಿಂದಲೇ.

ಇಲ್ಲೊಂದು ವಿನೋದವೂ ಉಂಟು. ಪ್ರೊವಾನ್ಸಿನ ಹಳ್ಳಿಮನೆ ಎಂದೊಡನೆ ಸಣ್ಣ ಸಣ್ಣ ಹೂಗಳ ಅಚ್ಚು ಹಾಕಿದ ಹತ್ತಿಯ ಬಟ್ಟೆ ಕಣ್ಣಮುಂದೆ ಬರುತ್ತದಷ್ಟೆ. ಆ ಬಟ್ಟೆಗೆ ಅಲ್ಲಿನವರು ಇಟ್ಟ ಹೆಸರು ‘ಇಂಡಿಯೆನ್’, ಎಂದರೆ ಇಂಡಿಯಾದ್ದು. ಹದಿನೇಳನೆಯ ಶತಮಾನದಲ್ಲಿ ನಮ್ಮ ದೇಶದ ಅಚ್ಚಿನ ಬಟ್ಟೆ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು. ಒಗೆದರೂ ಬಣ್ಣ ಬಿಡದ ಆ ಬಟ್ಟೆಯನ್ನು ಕಂಡು ಫ್ರೆಂಚರು ಮರುಳಾದರು. ತಮ್ಮ ರೇಷ್ಮೆ ಉಣ್ಣೆಗಳ ನೇಕಾರರು ಕೆಲಸ ಕಳೆದುಕೊಂಡಾರೆಂದು ಹೆದರಿ 1686ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ನಿಷೇಧ ತೆರವಾದದ್ದು 1759ರಲ್ಲಿ. ಅಷ್ಟರೊಳಗೆ ಅವರೂ ಅಚ್ಚು ಹಾಕುವುದನ್ನು ಕಲಿತಿದ್ದರು. ನಾವು ಇಂದು ಫ್ರಾನ್ಸಿನದೆಂದು ಆಸೆಪಡುವ ಹೂಬಟ್ಟೆಯ ತವರು ಹೀಗೆ ನಮ್ಮ ಕಡೆಯೇ.

ಇನ್ನು, ತರಬಾರದ್ದು ಯಾವುದು ಎಂಬುದಕ್ಕೂ ಫ್ರಾನ್ಸಿನಲ್ಲೇ ಉದಾಹರಣೆ ದೊರೆಯುತ್ತದೆ. ರಾಣಿ ಮರಿ ಆಂತ್ವಾನೆತ್ 1783ರಿಂದ ವರ್ಸಾಯಿ ಅರಮನೆಯ ತೋಟದಲ್ಲಿ ಒಂದು ಹಳ್ಳಿಯನ್ನೇ ಕಟ್ಟಿಸಿದಳು. ಹುಲ್ಲಿನ ಸೂರು, ಕೊಳ, ಹಾಲಿನ ಮನೆ ಎಲ್ಲವೂ ಇದ್ದವು. ಹೊಸ ಗೋಡೆಗಳು ಹಳೆಯವಾಗಿ ಕಾಣಲೆಂದು ಅವುಗಳ ಮೇಲೆ ಬಿರುಕುಗಳನ್ನು ಬಣ್ಣದಿಂದ ಬರೆಸಿದ್ದರಂತೆ! ಹೊರಗೆ ನಿಜವಾದ ಹಳ್ಳಿಗರ ಗೋಡೆಗಳಲ್ಲಿ ನಿಜವಾದ ಬಿರುಕುಗಳಿದ್ದವು. ಆರು ವರ್ಷ ಕಳೆಯುವುದರೊಳಗೆ, 1789ರಲ್ಲಿ, ಕ್ರಾಂತಿ ಬಂತು. ಹಳ್ಳಿಯಂತೆ ನಟಿಸುವುದು ಬೇರೆ, ಹಳ್ಳಿಯಂತೆ ಬಾಳುವುದು ಬೇರೆ. ಪ್ಲಾಸ್ಟಿಕ್ಕಿನ ಹೂವಿನ ಕುಂಡ, ಹೊಸ ಮರವನ್ನು ಉಜ್ಜಿ ಹಳೆಯದಾಗಿಸಿದ ಕುರ್ಚಿ, ಎಂದೂ ಒಲೆಗೇರದ ತಾಮ್ರದ ಪಾತ್ರೆ—ಇವುಗಳಿಗೆ ದುಡ್ಡು ಸುರಿಯುವ ಮುನ್ನ ಆ ರಾಣಿಯ ಹಳ್ಳಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಹಾಗಾದರೆ ತರಬೇಕಾದುದು ಏನು? ವಸ್ತುಗಳನ್ನಲ್ಲ, ನಿಯಮವನ್ನು. ಹತ್ತಿರ ಸಿಕ್ಕುವುದರಿಂದ ಕಟ್ಟು. ಹಿತ್ತಲಲ್ಲಿ ಬೆಳೆದುದನ್ನು ಉಣ್ಣು. ಕೆಟ್ಟುದನ್ನು ಎಸೆಯದೆ ಸರಿಪಡಿಸಿ ಬಳಸು. ಒಟ್ಟಿಗೆ ಕುಳಿತು ಸಾವಕಾಶವಾಗಿ ಊಟಮಾಡು. ಇಷ್ಟೇ ಆ ನಿಯಮ. ಇದನ್ನು ಕಡ್ಡಿರಾಂಪುರಕ್ಕೆ ಅನ್ವಯಿಸಿ ನೋಡಿದರೆ ಕೈಗೆ ಸಿಕ್ಕುವುದು ಅಲ್ಪವೇನಲ್ಲ.

ಹೊಸಪೇಟೆಯಿಂದ ಅನಂತಶಯನಗುಡಿಯನ್ನು ದಾಟಿ ಹಂಪೆಯ ಕಡೆ ನಡೆದರೆ ಕಡ್ಡಿರಾಂಪುರ ಸಿಕ್ಕುತ್ತದೆ. ವಿಜಯನಗರದ ಕಾಲದ ಮುಸಲ್ಮಾನರ ಗೋರಿಗಳು ಇಲ್ಲಿವೆ. ಸುತ್ತ ಗುಂಡುಬಂಡೆಗಳ ಗುಡ್ಡ. ನಡುವೆ ಆ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುವ ಬಯಲು, ಬಾಳೆ, ಕಬ್ಬು, ಬತ್ತ. ಇನ್ನೊಂದು ಸಂಗತಿಯಿಂದಲೂ ಈ ಊರಿಗೆ ಮನೆಯೆಂಬುದರ ಬೆಲೆ ಗೊತ್ತು. 2011ರಲ್ಲಿ ಹಂಪೆಯ ತೇರುಬೀದಿಯ ಸಾಲುಮಂಟಪಗಳಲ್ಲಿ ಬಾಳು ಕಟ್ಟಿಕೊಂಡಿದ್ದ ಕುಟುಂಬಗಳನ್ನು ತೆರವುಗೊಳಿಸಿದಾಗ, ಅವರಿಗೆ ನಿವೇಶನ ಗೊತ್ತುಮಾಡಿದ್ದು ಇಲ್ಲಿಯೇ. ಬರಿಯ ನೆಲದ ಮೇಲೆ ಮೊದಲಿನಿಂದ ಕಟ್ಟಬೇಕಾದವರಿಗೆ ಮನೆಯ ಸೊಗಸು ಎಂಬುದು ಚಿತ್ರದ ಮಾತಲ್ಲ. ಅವರನ್ನು ಕೇಳಿದರೆ ಸೊಗಸಿಗಿಂತ ಮೊದಲು ನೆರಳು ಎಂದಾರು. ಆದುದರಿಂದ ನಾನೂ ಅಲ್ಲಿಂದಲೇ ತೊಡಗುತ್ತೇನೆ.

ಮನೆ ಏಳುವ ಮುಂಚೆಯೇ ಪಡುವಣ ದಿಕ್ಕಿಗೆ ಒಂದು ಬೇವಿನ ಸಸಿ ನೆಡಿ. ಈ ಸೀಮೆಯ ಬಿಸಿಲು ಮಧ್ಯಾಹ್ನದ ಮೇಲೆ ಪಡುವಣ ಗೋಡೆಯನ್ನು ಕಾಯಿಸಿಬಿಡುತ್ತದೆ. ನಮ್ಮ ಹಿರಿಯರ ಮಾಳಿಗೆ ಮನೆಗಳಲ್ಲಿ ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಹೊದಿಕೆ, ನಡುವೆ ಚಿಕ್ಕದೊಂದು ಬೆಳಕಿಂಡಿ. ಹಗಲಿನ ಕಾವು ಆ ದಪ್ಪವನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಪ್ರೊವಾನ್ಸಿನ ದಪ್ಪ ಗೋಡೆ, ಸಣ್ಣ ಕಿಟಕಿ, ಮಧ್ಯಾಹ್ನ ಮುಚ್ಚುವ ಮರದ ಬಾಗಿಲು ಇವುಗಳ ಗುಟ್ಟೂ ಇದೇ. ಇಂದು ಸಿಮೆಂಟಿನ ಚಾವಣಿ ಹಾಕಿಸುವವರು ದಪ್ಪ ಗೋಡೆ ಕಟ್ಟಿಸಲಾಗದಿದ್ದರೂ ಬೇಸಗೆಗೆ ಮುನ್ನ ಮಾಳಿಗೆಯ ಮೇಲೆ ಸುಣ್ಣ ಬಳಿಯಿಸಬಹುದು. ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ.

ಸುಣ್ಣದ ಮಾತು ಬಂದುದರಿಂದ ಅದನ್ನು ತುಸು ವಿವರಿಸಬೇಕು. ಸುಣ್ಣದ ಹರಳನ್ನು ನೀರಿನಲ್ಲಿ ಅರಳಿಸಿ ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಎಂದರೆ ಗೋಡೆಯ ಮೇಲೆ ತೆಳುವಾದ ಕಲ್ಲಿನ ಪದರವೊಂದು ಹುಟ್ಟುತ್ತದೆ. ಆದರೂ ಅದು ಗೋಡೆಯ ತೇವ ಹೊರಹೋಗಲು ಅಡ್ಡಿಪಡಿಸುವುದಿಲ್ಲ. ಅರಳಿಸಿದ ಸುಣ್ಣವನ್ನು ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿ, ತುಸು ಅಂಟು ಬೆರೆಸಿ, ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಎರಡು ಮೂರು ಸಲ ಬಳಿಯಬೇಕು. ದಪ್ಪಗೆ ಒಮ್ಮೆಗೇ ಬಳಿದರೆ ಹಕ್ಕಳೆಯೇಳುತ್ತದೆ; ಎಣ್ಣೆಬಣ್ಣ ಹಚ್ಚಿದ ಗೋಡೆಯ ಮೇಲಂತೂ ನಿಲ್ಲದು. ಒಂದು ಎಚ್ಚರಿಕೆ: ಅರಳುವ ಸುಣ್ಣ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ. ಮಕ್ಕಳನ್ನು ದೂರವಿಡಬೇಕು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯುವ ರೂಢಿ ನಮ್ಮಲ್ಲಿ ಇದ್ದೇ ಇದೆ. ರೂಸಿಯೋಂ ಊರಿನ ಕೆಂಪು ಕಬ್ಬಿಣದ್ದೆಂದೆನಲ್ಲವೆ? ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರು ಜಗತ್ತಿಗೇ ಗೊತ್ತು. ನಮ್ಮ ಕೆಮ್ಮಣ್ಣಿನ ಪಟ್ಟಿಯೂ ಅವರ ಗೋಡೆಯ ಬಣ್ಣವೂ ಒಂದೇ ತಾಯಿಯ ಮಕ್ಕಳು.

ನೆಲಕ್ಕೆ ಹೊಳೆಯುವ ಬಿಲ್ಲೆಗಳ ಬದಲು ಶಹಾಬಾದಿನ ಕಲ್ಲು ಹಾಸಿದರೆ ಬರಿಗಾಲಿಗೆ ತಂಪು, ಜಾರುವ ಭಯವೂ ಕಡಿಮೆ. ಹಳೆಯ ಮನೆ ಕೆಡವುವಾಗ ಸಿಕ್ಕುವ ಬಾಗಿಲುವಾಡ, ಕಂಬ, ತೊಲೆಗಳನ್ನು ಹೊಸ ಮನೆಗೆ ಕೂಡಿಸಬಹುದು. ಆದರೆ ಹಂಪೆಯ ಸುತ್ತಿನ ಬಂಡೆಯನ್ನಾಗಲಿ, ಹಾಳುಬಿದ್ದ ಮಂಟಪದ ಒಂದು ಕಲ್ಲನ್ನಾಗಲಿ ಮನೆಯ ಚೆಲುವಿಗೆಂದು ಮುಟ್ಟಕೂಡದು. ಹಂಪೆ 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ; ಈ ಸುತ್ತಿನಲ್ಲಿ ಕಟ್ಟಡ ಎಬ್ಬಿಸುವವರು ಹಂಪಿ ವಿಶ್ವ ಪರಂಪರಾ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಟ್ಟುಪಾಡುಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಇನ್ನು ಹಿತ್ತಲು. ಫ್ರೆಂಚ್ ಭಾಷೆಯಲ್ಲಿ ‘ಪೊತಾಜ್’ ಎಂದರೆ ತರಕಾರಿಯ ಸಾರು. ಆ ಸಾರಿಗೆ ಬೇಕಾದುದನ್ನು ಬೆಳೆಯುವ ಜಾಗ ‘ಪೊತಾಜೆ’. ಸಾರಿನ ತೋಟ ಎನ್ನೋಣ! ಅದರಲ್ಲಿ ತರಕಾರಿ, ಸೊಪ್ಪು, ಹೂವು, ಮದ್ದಿನ ಗಿಡ ಎಲ್ಲವೂ ಒಂದರ ಪಕ್ಕ ಒಂದು ಬೆಳೆಯುತ್ತವೆ. ನಮ್ಮ ಅಜ್ಜಿಯರ ಹಿತ್ತಲಿನ ವರ್ಣನೆಯೂ ಇದಲ್ಲದೆ ಬೇರೆಯಲ್ಲ. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಅಕ್ಕಿ ತೊಳೆದ ನೀರಿಗೆ ಕರಿಬೇವು, ಬೇಲಿಗೆ ಹೀರೆ ಮತ್ತು ಅವರೆಯ ಬಳ್ಳಿ, ಮೂಲೆಗೆ ನುಗ್ಗೆ, ಬಾವಿಕಟ್ಟೆಯ ಬಳಿ ಮಲ್ಲಿಗೆ, ಕನಕಾಂಬರ. ಮೂರು ಮಾರು ಜಾಗವಿದ್ದರೂ ಸಾಕು. ಪುಂಡಿ, ಮೆಂತೆ, ಕೊತ್ತಂಬರಿ ಇಷ್ಟರಲ್ಲೇ ಆಗುತ್ತವೆ. ಈ ಸೀಮೆಯಲ್ಲಿ ಕೋತಿಗಳ ಕಾಟ ಹೆಚ್ಚೆಂಬುದನ್ನು ಮರೆಯಲಾಗದು. ಪೇರಲ, ಬಾಳೆ, ಬದನೆ ಇವುಗಳಲ್ಲಿ ಅವಕ್ಕೂ ಪಾಲು ಹೋಗುತ್ತದೆ. ಹಾಗಲ, ಮೆಣಸಿನಕಾಯಿ, ನಿಂಬೆ, ಅರಿಸಿನ, ಕರಿಬೇವುಗಳನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ. ಮೊದಲು ಇವುಗಳಿಂದ ತೊಡಗಿದರೆ ಮನಸ್ಸು ಮುರಿಯುವುದಿಲ್ಲ.

ಮನೆಯೊಳಗಿನ ಸಾಮಾನಿಗೆ ಬರೋಣ. ಪ್ರೊವಾನ್ಸಿನ ಹೆಂಗಸರು ಹತ್ತಿ ತುಂಬಿ ಕೈಹೊಲಿಗೆ ಹಾಕಿದ ಹೊದಿಕೆಗೆ ಹೆಸರಾದವರು. ನಮ್ಮಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿಯುವ ಕೌದಿಯಿದೆ. ಅದನ್ನು ಹೊದ್ದ ಮಗುವಿಗೆ ಅಜ್ಜಿಯ ಸೀರೆ ಯಾವುದು, ಅವ್ವನ ಸೀರೆ ಯಾವುದು ಎಂದು ಬೆರಳಿಟ್ಟು ತೋರಿಸಬಹುದು. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಇನ್ನೊಂದು ಸಂಪತ್ತು. ಕನ್ನಡಿ, ಕವಡೆ, ಬಣ್ಣದ ದಾರಗಳ ಆ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯುಂಟು. 2023ರ ಜುಲೈನಲ್ಲಿ ಜಿ-20 ದೇಶಗಳ ಸಂಸ್ಕೃತಿ ವಿಭಾಗದ ಸಭೆ ಹಂಪೆಯಲ್ಲಿ ಸೇರಿದಾಗ, ಸಂಡೂರು ಕುಶಲ ಕಲಾ ಕೇಂದ್ರದ ಕುಶಲಿಗಳು ಮಾಡಿದ 1755 ಲಂಬಾಣಿ ಕಸೂತಿ ತುಂಡುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಹೊಳೆಯ ಆಚೆ ದಡದ ಆನೆಗುಂದಿಯಲ್ಲಿ, 1997ರಲ್ಲಿ ಹುಟ್ಟಿದ ಕಿಷ್ಕಿಂಧಾ ಟ್ರಸ್ಟ್ ಬಾಳೆನಾರಿನ ಕೈಗಸಬನ್ನು ಊರ ಹೆಂಗಸರಿಗೆ ಕಲಿಸಿತು. ಗೊನೆ ಕಡಿದ ಮೇಲೆ ಕೊಳೆಯಲು ಬಿಡುತ್ತಿದ್ದ ಬಾಳೆಯ ಪಟ್ಟೆಯನ್ನು ಒಣಗಿಸಿ, ಸೀಳಿ, ಹಗ್ಗ ಹೊಸೆದು, ಅದರಿಂದ ಬುಟ್ಟಿ, ಚೀಲ, ಚಾಪೆಗಳನ್ನು ಹೆಣೆಯುತ್ತಾರೆ. ಫ್ರಾನ್ಸಿನ ಬೆತ್ತದ ಬುಟ್ಟಿಗೆ ಆಸೆಪಡುವ ನಾವು, ನಮ್ಮ ತೋಟದ ಬಾಳೆಯೇ ಬುಟ್ಟಿಯಾಗುವುದನ್ನು ಕಣ್ಣಾರೆ ನೋಡಬಹುದು. ಕೊಂಡ ದುಡ್ಡೂ ಹತ್ತಿರದ ಕೈಯನ್ನೇ ಸೇರುತ್ತದೆ.

ಊಟದ ವಿಷಯ. ಫ್ರೆಂಚರು ವಿಶೇಷ ದಿನಗಳಲ್ಲಿ ಕೂಡಿ ಕುಳಿತು, ಒಂದಾದ ಮೇಲೊಂದರಂತೆ ಬಡಿಸಿಕೊಂಡು ಸಾವಕಾಶವಾಗಿ ಉಣ್ಣುವ ಪದ್ಧತಿಯನ್ನು ಯುನೆಸ್ಕೊ 2010ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ಯಾವುದೋ ಒಂದು ಭಕ್ಷ್ಯವಲ್ಲ. ಕೂಡಿ ಉಣ್ಣುವ ರೀತಿ. ಇದನ್ನು ತರಲು ಒಂದು ಕಾಸೂ ಖರ್ಚಿಲ್ಲ. ವಾರಕ್ಕೊಂದು ಹೊತ್ತಾದರೂ ಮನೆಯವರೆಲ್ಲ ಒಟ್ಟಿಗೆ ಕುಳಿತು, ಫೋನುಗಳನ್ನು ಗೂಡಿನಲ್ಲಿಟ್ಟು, ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು ಉಂಡರೆ ಅದಕ್ಕಿಂತ ಸೊಗಸಾದ ಹಳ್ಳಿಯೂಟ ಯಾವ ದೇಶದಲ್ಲಿದೆ? ತರಕಾರಿಯನ್ನು ಸಂತೆಯಿಂದ ತರುವಾಗ ಮಕ್ಕಳನ್ನೂ ಕರೆದೊಯ್ಯಿರಿ. ಯಾವ ತಿಂಗಳಲ್ಲಿ ಯಾವುದು ಬರುತ್ತದೆ, ಬೆಳೆದವರು ಯಾರು ಎಂಬುದು ಅವರಿಗೆ ತಿಳಿಯಲಿ. ಫ್ರಾನ್ಸಿನ ಹಳ್ಳಿಗರಿಗೂ ವಾರದ ಸಂತೆ ಇಂದಿಗೂ ಹಬ್ಬವೇ.

ಇಲ್ಲಿಗೆ ನನ್ನ ಉಪದೇಶ ಮುಗಿಯಿತೆಂದು ನಾನು ಎಣಿಸಿದ್ದೆ. ಅಂದು ಸಂಜೆ ಅಣ್ಣನ ಮನೆಯಲ್ಲಿ ಇದನ್ನೆಲ್ಲ ಹೇಳಿ, ಹಂಡೆಗಳನ್ನು ಮಾರಬಾರದೆಂದು ವಾದಿಸಿದೆ. ಅಣ್ಣ ತಲೆದೂಗಿದ, ಹುಡುಗಿಯೂ ಒಪ್ಪಿದಳು. ಬಾಗಿಲಿಗೊರಗಿ ಕೇಳುತ್ತಿದ್ದ ಅತ್ತಿಗೆ ಒಂದೇ ಮಾತು ಆಡಿದರು:

“ನೋಡಿ ಚಂದ ಅನ್ನೋರು ನೀವು, ತಿಕ್ಕಾಕಿ ನಾನು.”

ನನ್ನ ಬಾಯಿ ಕಟ್ಟಿತು. ಇಷ್ಟು ಹೊತ್ತು ಮಾತಾಡಿದ ನಾನು ಕೈಗಳನ್ನೇ ಮರೆತಿದ್ದೆ. ಹಳ್ಳಿಯ ಬಾಳಿನ ಚಿತ್ರಗಳಲ್ಲಿ ತಾಮ್ರ ಹೊಳೆಯುತ್ತದೆ, ಅದನ್ನು ಹುಣಿಸೆಹುಳಿ ಹಾಕಿ ತಿಕ್ಕಿದ ಕೈ ಕಾಣುವುದಿಲ್ಲ. ಸಾರಿಸಿದ ನೆಲ ಕಾಣುತ್ತದೆ, ಬಗ್ಗಿ ಸಾರಿಸಿದ ನಡು ಕಾಣುವುದಿಲ್ಲ. ಫ್ರಾನ್ಸಿನಲ್ಲೂ ಎರಡನೆಯ ಮಹಾಯುದ್ಧದ ತರುವಾಯ ಲಕ್ಷಾಂತರ ಜನ ಹಳ್ಳಿ ಬಿಟ್ಟು ಪಟ್ಟಣ ಸೇರಿದರು. ದುಡಿಮೆಯ ಭಾರ ತಾಳಲಾರದೆ ಹೋದವರು ಅವರಲ್ಲಿ ಅನೇಕರು. ಅವರು ಬಿಟ್ಟುಹೋದ ಮನೆಗಳೇ ಪಟ್ಟಣಿಗರ ಕನಸಿನ ಮನೆಗಳಾದುವು. ನಮ್ಮ ತಾಯಂದಿರು ಸ್ಟೀಲಿನ ಪಾತ್ರೆಯನ್ನೂ ಗ್ಯಾಸಿನ ಒಲೆಯನ್ನೂ ನಲ್ಲಿಯ ನೀರನ್ನೂ ಬರಮಾಡಿಕೊಂಡದ್ದು ಅಭಿರುಚಿಯಿಲ್ಲದೆ ಅಲ್ಲ, ಬೆನ್ನು ನೋಯುತ್ತಿದ್ದುದರಿಂದ. ಹೊಗೆಯೊಲೆಯನ್ನು ಚಂದಕ್ಕೆಂದು ಮರಳಿ ತರುವುದು ಯಾರಿಗೂ ಹಿತವಲ್ಲ.

ಆದುದರಿಂದ ಆ ನಿಯಮಕ್ಕೆ ಕೊನೆಯ ಮಾತೊಂದನ್ನು ಸೇರಿಸುತ್ತೇನೆ: ಒಂದು ವಸ್ತುವನ್ನು ಇಟ್ಟುಕೊಳ್ಳುವ ಮೊದಲು, ಅದರ ಆರೈಕೆ ಯಾರದೆಂದು ಗೊತ್ತುಮಾಡಿಕೊಳ್ಳಿ. ಚೆಲುವು ಮನೆಮಂದಿಗೆಲ್ಲ ಬೇಕಾದರೆ ಕೆಲಸವೂ ಮನೆಮಂದಿಗೆಲ್ಲ ಹಂಚಬೇಕು. ಹಂಚಲಾಗದಷ್ಟು ವಸ್ತು ಇದ್ದರೆ, ಅಷ್ಟನ್ನು ಕೊಟ್ಟುಬಿಡುವುದೇ ಸರಿ. ಹತ್ತು ಪಾತ್ರೆ ಮೂಲೆಯಲ್ಲಿ ಕಿಲುಬು ಹಿಡಿಯುವುದಕ್ಕಿಂತ ಒಂದೇ ಪಾತ್ರೆ ದಿನವೂ ಬಳಕೆಯಾಗುವುದು ಮೇಲು. ಅಡಿಗೆಗೆ ಬಳಸುವ ತಾಮ್ರ ಹಿತ್ತಾಳೆಗೆ ಕಾಲಕಾಲಕ್ಕೆ ಕಲಾಯಿ ಹಾಕಿಸಬೇಕು. ಇಲ್ಲದಿದ್ದರೆ ಹುಳಿ ಪದಾರ್ಥ ಕೆಡುತ್ತದೆ, ಹೊಟ್ಟೆಯನ್ನೂ ಕೆಡಿಸುತ್ತದೆ. ಫ್ರಾನ್ಸಿನ ತಾಮ್ರದ ಪಾತ್ರೆಗಳಿಗೂ ಒಳಗೆ ತವರದ ಲೇಪವಿರುತ್ತಿತ್ತು. ನಮ್ಮ ಕಲಾಯಿಯವನ ವಿದ್ಯೆಯೂ ಅದೇ. ಅವನು ಬೀದಿಗೆ ಬರುವುದು ಅಪರೂಪವಾಗಿದೆ. ಬಂದಾಗ ಎರಡು ಪಾತ್ರೆ ಕೊಟ್ಟರೆ ಮತ್ತೆ ಬಂದಾನು.

ಅಣ್ಣನ ಮನೆಯಲ್ಲಿ ಕೊನೆಗೆ ಆದದ್ದು ಹೀಗೆ. ಎರಡು ಹಂಡೆಗಳಲ್ಲಿ ಒಂದು ತೂಕಕ್ಕೆ ಹೋಯಿತು. ಒಂದು ಉಳಿಯಿತು. ಹಿತ್ತಾಳೆಯ ಕೊಳಗವನ್ನು ಹುಡುಗಿ ತನ್ನದೆಂದು ಎತ್ತಿಟ್ಟುಕೊಂಡಳು. ಹಳೆಯ ಮನೆಯ ತಲೆಬಾಗಿಲು, ಮೇಲಿನ ಗಜಲಕ್ಷ್ಮಿಯ ಸಮೇತ, ಕಡ್ಡಿರಾಂಪುರದ ಮನೆಗೆ ಬಂತು. ಅದಕ್ಕೆ ಸರಿಯಾಗಿ ಗೋಡೆಯನ್ನು ಒಂದು ಗೇಣು ಅಗಲಿಸಬೇಕಾಯಿತು. ಭಾನುವಾರ ಹಂಡೆ ತಿಕ್ಕುವ ಸರದಿ ಒಂದು ವಾರ ಅಣ್ಣನದು, ಒಂದು ವಾರ ಅವನ ಮಗನದು.

ಮೊನ್ನೆ ಮತ್ತೆ ಹೋದಾಗ ಹಂಡೆ ಬಚ್ಚಲ ಬಾಗಿಲಲ್ಲಿ ನೀರು ತುಂಬಿಕೊಂಡು ನಿಂತಿತ್ತು. ತಿಕ್ಕಿದ್ದು ಅಷ್ಟೇನೂ ಚೆನ್ನಾಗಿರಲಿಲ್ಲ. ಕಂಠದ ಕೆಳಗೆ ಕಪ್ಪು ಹಾಗೆಯೇ ಉಳಿದಿತ್ತು. ಅತ್ತಿಗೆ ಅದನ್ನು ಕಂಡೂ ಕಾಣದಂತೆ ಹಿತ್ತಲಲ್ಲಿ ಪುಂಡಿಸೊಪ್ಪು ಕೊಯ್ಯುತ್ತಿದ್ದರು. ಬೇವಿನ ಸಸಿ ಮೊಳಕಾಲೆತ್ತರ ಬೆಳೆದಿತ್ತು. ಅದರ ನೆರಳಿಗೆ ಇನ್ನೂ ಕೆಲವು ವರ್ಷ ಕಾಯಬೇಕು.